ಮುಂಗುಸಿಯ ಕೂದಲು, ಆಡಿನ ಹೊದಿಕೆ

ಅರಣ್ಯ ಇಲಾಖೆಯ ಗಾರ್ಡ್ ಆ ಚೀಲವನ್ನು ನನ್ನ ಮೇಜಿನ ಮೇಲೆ ತಂದಿಟ್ಟಾಗ ನಾನು ಒಂದು ಎಮ್ಮೆಯ ಬಾತ ಕೆಚ್ಚಲಿಗೆ ಔಷಧ ಏರಿಸಿ ಬಂದು ಕೈ ತೊಳೆಯುತ್ತಿದ್ದೆ. ಶಹಾಪುರದ ದನದ ದವಾಖಾನೆಯಲ್ಲಿ ನನ್ನ ಮೇಜಿನ ಮೇಲೆ ಬರುವುದು ಸೆಗಣಿಯ ಡಬ್ಬಿ, ಇಲ್ಲವೇ ರಕ್ತದ ಗಾಜು. ಅವತ್ತು ಬಂದದ್ದು ಕೂದಲು. ಗಿರಣಿಗೆ ಜೋಳ ಒಯ್ಯುವಂಥ ಬಟ್ಟೆಯ ಚೀಲ. ಅದರ ಅರ್ಧದಷ್ಟು ಕೂದಲಿನ ಸಣ್ಣ ಸಣ್ಣ ಕಟ್ಟುಗಳು. ಒಂದೊಂದೂ ಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಬೀಡಿ ಕಟ್ಟಿನ ಹಾಗೆ ದಾರದಿಂದ ಬಿಗಿದದ್ದು.

ಗಾರ್ಡಿನ ಹಿಂದೆ ರೇಂಜ್ ಆಫೀಸರು ಬಂದರು. ಕಾಡೇ ಇಲ್ಲದ ತಾಲ್ಲೂಕಿನಲ್ಲಿ ಅರಣ್ಯಾಧಿಕಾರಿಯಾಗಿರುವ ಸುಖವನ್ನು ಅವರಷ್ಟು ಚೆನ್ನಾಗಿ ಅರಿತವರನ್ನು ನಾನು ಕಂಡಿಲ್ಲ. ಕುರ್ಚಿ ಎಳೆದು ಕೂತು, ಕರ್ಚೀಪಿನಿಂದ ಕುತ್ತಿಗೆ ಒರೆಸಿಕೊಂಡು ನೇರ ಮಾತಿಗೆ ಬಂದರು.

“ಮೇಡಂ, ಇದು ಆಡಿನ ಕೂದಲ. ಎರಡು ಸಾಲು ಬರದು ಸೈ ಮಾಡ್ಬಿಡ್ರಿ. ಮ್ಯಾಲಿಂದ ಫೋನ್ ಬರಾಕತ್ತಾವ.”

“ಆಡಿಂದಂತ ನಿಮಗ ಗೊತ್ತಿದ್ರ ನನ್ನ ಕಡಿ ಯಾಕ ತಂದ್ರಿ?”

“ನಾ ಹೇಳಿದ್ರ ಕೋರ್ಟ್ ಕೇಳಂಗಿಲ್ಲ. ದನದ ಡಾಕ್ಟರ್ ಹೇಳಿದ್ರ ಕೇಳ್ತದ.”

ನಡೆದದ್ದು ಇಷ್ಟು. ಗಾರ್ಡ್ ಹೊಸಬ, ಇನ್ನೂ ಕೆಲಸ ಮಾಡುವ ಚಟ ಬಿಟ್ಟಿರಲಿಲ್ಲ. ಯಾರೋ ಹೇಳಿದ ಸುಳುಹು ಹಿಡಿದು, ಸಾಹೇಬರನ್ನು ಕೇಳದೆಯೇ ಸುರಪುರದಿಂದ ಬಂದ ಬಸ್ಸನ್ನು ಶಹಾಪುರದಲ್ಲಿ ತಡೆದು, ಈ ಚೀಲದ ಜೊತೆ ಒಬ್ಬ ಹೆಣ್ಣುಮಗಳನ್ನು ಇಳಿಸಿಕೊಂಡಿದ್ದ. ಮೇಲೆ ಬಳೆ ಡಬ್ಬಿ, ತಳದಲ್ಲಿ ಬಟ್ಟೆ ಸುತ್ತಿದ ಕೂದಲು ಎಂದು ಜನರ ಎದುರಿಗೆ ಪಂಚನಾಮೆಯೂ ಆಗಿಹೋಗಿತ್ತು. ಈಗ ಆ ಚೀಲವನ್ನು ಇಲ್ಲವೆನ್ನಿಸುವಂತಿರಲಿಲ್ಲ. ಅದರೊಳಗಿನ ಕೂದಲನ್ನು ಆಡಿನದು ಅನ್ನಿಸಿದರೆ ಮಾತ್ರ ಸಾಹೇಬರ ನಿದ್ದೆ ಅವರಿಗೆ ತಿರುಗಿ ಸಿಗುತ್ತಿತ್ತು.

ಆ ಹೆಣ್ಣುಮಗಳು ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಳು. ಸುರಪುರದವಳು, ನಡುವಯಸ್ಸಿನವಳು, ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಮನೆಯಲ್ಲಿ ಕುಂಚ ಕಟ್ಟುವುದು ಅವಳ ಕಸುಬು. ಯಾದಗಿರಿಯಲ್ಲಿ ಶಾಲೆಯ ಸಾಮಾನು, ಬಣ್ಣ, ಕುಂಚ ಮಾರುವ ಒಂದು ದೊಡ್ಡ ಅಂಗಡಿಯ ಸಾಹುಕಾರನಿಗೆ ಕಟ್ಟಿಕೊಡುತ್ತಾಳೆ ಎಂದು ಗಾರ್ಡ್ ಹೇಳಿದ. ಆ ಸಾಹುಕಾರನ ಹೆಸರು ಕೇಳಿದ ಕೂಡಲೇ ಮೇಲಿಂದ ಬರುತ್ತಿದ್ದ ಫೋನುಗಳ ಅರ್ಥ ನನಗಾಯಿತು. ಮಕ್ಕಳ ಚಿತ್ರಕಲಾ ಸ್ಪರ್ಧೆಗೆಲ್ಲ ಬಹುಮಾನ ಕೊಟ್ಟು, ವೇದಿಕೆಯ ಮೇಲೆ ಮೂರನೆಯ ಕುರ್ಚಿಯಲ್ಲಿ ಕೂತು, ಭಾಷಣ ಬಂದಾಗ ಕೆಮ್ಮುವ ಮನುಷ್ಯ.

“ಏನಿದು?” ಎಂದು ಅವಳನ್ನು ಕೇಳಿದೆ.

“ಆಡಿನ ಕೂದಲರಿ ಡಾಕ್ಟರ್ ಬಾಯಿ,” ಅಂದಳು. ಕಣ್ಣು ಮೇಲೆತ್ತಲಿಲ್ಲ.

ಚಿತ್ರ ಬರೆಯುವ ಕುಂಚಕ್ಕೆ ಹಲವು ಪ್ರಾಣಿಗಳ ಕೂದಲು ಆಗುತ್ತದೆ. ಆಡಿನದು ಮೆತ್ತಗೆ, ನೀರು ಚೆನ್ನಾಗಿ ಹಿಡಿಯುತ್ತದೆ, ಆದರೆ ಒತ್ತಿದರೆ ಬಾಗಿದ ಹಾಗೇ ಬಿದ್ದಿರುತ್ತದೆ. ಮುಂಗುಸಿಯದು, ನಮ್ಮ ಕಡೆ ಮುಂಗಲಿ ಅನ್ನುತ್ತಾರೆ, ಸೆಟೆದು ನಿಲ್ಲುತ್ತದೆ. ಒತ್ತಿ ಬಿಟ್ಟರೆ ಪುಟಿದು ಮತ್ತೆ ಮೊನೆಯಾಗುತ್ತದೆ. ಆ ಒಂದು ಗುಣಕ್ಕಾಗಿ ಅದನ್ನು ಹಿಡಿದು ಕೊಲ್ಲುತ್ತಾರೆ. ಉಣ್ಣೆ ಕತ್ತರಿಸಿಕೊಂಡು ಬಿಟ್ಟುಕಳಿಸಲು ಅದು ಕುರಿಯಲ್ಲ. ಒಂದು ಪ್ರಾಣಿಯಿಂದ ಕುಂಚಕ್ಕೆ ಆಗುವಂಥ ಕೂದಲು ಒಂದು ಹಿಡಿಯೂ ಸಿಗುವುದಿಲ್ಲ. ಅದನ್ನು ಕೊಲ್ಲುವುದು, ಅದರ ಕೂದಲು ಮಾರುವುದು, ಅಷ್ಟೇಕೆ, ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ.

ನಾನು ಒಂದು ಕಟ್ಟಿನಿಂದ ಕೆಲವು ಕೂದಲು ಎಳೆದು ಸ್ಪಿರಿಟ್ಟಿನಲ್ಲಿ ತೊಳೆದೆ. ಜಿಡ್ಡು ಹೋಗಬೇಕು, ಇಲ್ಲದಿದ್ದರೆ ಸೂಕ್ಷ್ಮದರ್ಶಕದಲ್ಲಿ ಕಾಣುವುದೆಲ್ಲ ಜಿಡ್ಡೇ. ಒಣಗಿಸಿ, ಗಾಜಿನ ಮೇಲೆ ಗ್ಲಿಸರಿನ್ ಹನಿಸಿ, ಮೇಲೊಂದು ತೆಳು ಗಾಜು ಮುಚ್ಚಿ ನೋಡಿದೆ. ಬುಡದಿಂದ ತುದಿಯವರೆಗೆ ಒಂದೇ ಕಪ್ಪು. ಎರಡನೆಯ ಕಟ್ಟಿನದೂ ಹಾಗೇ. ಮೂರನೆಯದೂ ಹಾಗೇ. ಆಡಿನ ಕೂದಲು, ಸಂಶಯವಿಲ್ಲ.

“ಮುಗೀತಲ್ರಿ!” ರೇಂಜ್ ಆಫೀಸರು ಎದ್ದೇ ನಿಂತರು. ಅವರು ಅಷ್ಟು ಚುರುಕಾಗಿ ಏಳಬಲ್ಲರೆಂದು ನನಗೆ ತಿಳಿದಿರಲಿಲ್ಲ.

ಬರೆಯಲು ಪೆನ್ನು ತೆಗೆದೆ. ಆದರೆ ಒಂದು ಪ್ರಶ್ನೆ ಕಾಡತೊಡಗಿತ್ತು. ಆಡಿನ ಕೂದಲನ್ನು ಇಷ್ಟು ಜತನದಿಂದ ಬಟ್ಟೆಯೊಳಗೆ ಬಟ್ಟೆ ಸುತ್ತಿ, ಚೀಲದ ತಳಕ್ಕೆ ಹಾಕಿ, ಮೇಲೆ ಬಳೆ ಡಬ್ಬಿ ಹೇರಿ ಯಾರು ಒಯ್ಯುತ್ತಾರೆ? ಒಂದು ಕಟ್ಟನ್ನು ನೀರಿನಲ್ಲಿ ಅದ್ದಿ ಹೆಬ್ಬೆರಳಿನಿಂದ ಅದುಮಿದೆ. ಹೊರಗಿನ ಕೂದಲು ತೊಯ್ದ ಹತ್ತಿಯ ಹಾಗೆ ಮಲಗಿತು. ಒಳಗಿನದು ಮಲಗಲಿಲ್ಲ. ನನ್ನ ಬೆರಳನ್ನು ಹಿಂದಕ್ಕೆ ತಳ್ಳಿತು.

ಬ್ಲೇಡಿನಿಂದ ದಾರ ಕತ್ತರಿಸಿದೆ. ಹೊರಗೆ ಕರಿ ಆಡಿನ ಕೂದಲಿನ ತೆಳುವಾದ ಹೊದಿಕೆ. ಒಳಗಿನ ತಿರುಳೇ ಬೇರೆ. ಅದನ್ನು ನೋಡಲು ಸೂಕ್ಷ್ಮದರ್ಶಕವೂ ಬೇಕಿರಲಿಲ್ಲ. ಒಂದೊಂದು ಕೂದಲಿನಲ್ಲೂ ಮಾಸಲು ಬಿಳಿ, ಕಂದು, ಮತ್ತೆ ಬಿಳಿ, ಮತ್ತೆ ಕಂದು, ಹೀಗೆ ಪಟ್ಟೆ ಪಟ್ಟೆ.

“ಸಾಹೇಬ್ರ, ಕೂಡ್ರಿ,” ಅಂದೆ.

ಅವರು ಕೂತರು. ಸ್ವಲ್ಪ ಹೊತ್ತು ಆ ಪಟ್ಟೆಗಳನ್ನೇ ನೋಡಿದರು. ಆಮೇಲೆ ಅವರ ಮುಖ ಇನ್ನೊಂದು ದಾರಿ ಕಂಡವರ ಹಾಗೆ ಮೆಲ್ಲಗೆ ಅರಳಿತು.

“ಹಂಗಿದ್ರ ಅಕಿನೇ ಮಾಡ್ಯಾಳ, ಬಿಡ್ರಿ. ಸಾವ್ಕಾರ ಆಡಿನ ಕೂದಲ ಕೊಟ್ಟಾನ, ಅಕಿ ಒಳಗ ಇದನ್ನ ತುಂಬ್ಯಾಳ. ಮುಂಗಲಿ ಅಂತನೇ ಬರೀರಿ. ನಂದೇನೂ ತಕರಾರಿಲ್ಲ.”

ಇಂಥವರನ್ನು ಕಂಡರೆ ನನಗೆ ಸಿಟ್ಟೂ ಬರುವುದಿಲ್ಲ. ಸಿಟ್ಟಿಗೂ ಎದುರಿನವನಲ್ಲಿ ಏನಾದರೂ ಗಟ್ಟಿಯಾದದ್ದು ಇರಬೇಕಾಗುತ್ತದೆ. ಇವರಿಗೆ ಬೇಕಾದದ್ದು ಒಂದೋ ಯಾರೂ ಇಲ್ಲದ ಕೇಸು, ಇಲ್ಲವೇ ಆ ಹೆಣ್ಣುಮಗಳೊಬ್ಬಳೇ ಇರುವ ಕೇಸು. ಎರಡರಲ್ಲಿ ಯಾವುದಾದರೂ ಅವರಿಗೆ ಅಷ್ಟೇ ಸಂತೋಷ.

“ನನಗ ಗೊತ್ತಿರೋ ಮುಂಗಲಿ ಕೂದಲದ ಜೊತಿ ಹೋಲಿಸಿ ನೋಡದ ಬರಿಯಂಗಿಲ್ಲ,” ಅಂದೆ. ಇದು ನೆಪವಲ್ಲ. ಪುಸ್ತಕದ ಚಿತ್ರ ನೋಡಿ ಕೋರ್ಟಿಗೆ ಬರೆದರೆ ಮೊದಲ ವಕೀಲನೇ ನನ್ನನ್ನು ಹರಿದು ಹಾಕುತ್ತಾನೆ.

ಆದರೆ ಹೋಲಿಸಲು ಮುಂಗುಸಿ ಎಲ್ಲಿಂದ ತರುವುದು? ಸಿಗುವವರೆಗೆ ಕೂದಲಿನ ಮೇಲ್ಮೈಯ ಅಚ್ಚನ್ನಾದರೂ ತೆಗೆದಿಡೋಣವೆಂದುಕೊಂಡೆ. ಕೂದಲಿನ ಮೇಲೆ ಮೀನಿನ ಹುರುಪೆಯಂಥ ಸಣ್ಣ ಸಣ್ಣ ಪದರುಗಳಿರುತ್ತವೆ. ಒಂದೊಂದು ಪ್ರಾಣಿಯದು ಒಂದೊಂದು ನಮೂನೆ. ಗಾಜಿನ ಮೇಲೆ ಬಣ್ಣವಿಲ್ಲದ ಉಗುರು ಪಾಲಿಶ್ ತೆಳುವಾಗಿ ಸವರಿ, ಅದರ ಮೇಲೆ ಕೂದಲು ಮಲಗಿಸಿ, ಒಣಗಿದ ಮೇಲೆ ಮೆಲ್ಲಗೆ ಕಿತ್ತರೆ ಆ ನಮೂನೆ ಪಾಲಿಶಿನಲ್ಲಿ ಮೂಡಿರುತ್ತದೆ. ನಮ್ಮ ಕಂಪೌಂಡರನನ್ನು ಪಾಲಿಶ್ ತರಲು ಕಳಿಸಿದೆ. ಅವನು ಗುಲಾಬಿ ಬಣ್ಣದ, ಮಿಣಿಮಿಣಿ ಮಿನುಗುವ ಬಾಟಲಿ ತಂದ. “ಇದಾ ಭಾಳ ಚಂದ ಅದರಿ,” ಅಂದ. ಮತ್ತೆ ಕಳಿಸಿದೆ. ಈ ಸಲ ಬಣ್ಣವಿಲ್ಲದ್ದೇ ಬಂತು, ಆದರೆ ಹಳೆಯದು. ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗುತ್ತಿತ್ತು. ಅಚ್ಚು ಮೂಡಲಿಲ್ಲ, ಕೂದಲು ಅಂಟಿಕೊಂಡು ತುಂಡಾಗುತ್ತಿತ್ತು. ಕೊನೆಗೆ ಸ್ವಲ್ಪ ಅಸಿಟೋನ್ ಬೆರೆಸಿ ತಿಳಿ ಮಾಡಿ, ಫ್ಯಾನ್ ಆರಿಸಿ, ಧೂಳು ಬೀಳದಂತೆ ಹಾಲಿನ ಪಾತ್ರೆಯ ಮುಚ್ಚಳ ಮುಚ್ಚಿಟ್ಟ ಮೇಲೆ ಓದಬಹುದಾದ ಅಚ್ಚು ಸಿಕ್ಕಿತು.

ಅಷ್ಟರೊಳಗೆ ಹೆಣ್ಣುಮಗಳನ್ನು ಕೋರ್ಟಿಗೆ ಒಯ್ಯುವ ವೇಳೆಯಾಗಿತ್ತು. ಹೋಗುವ ಮುಂಚೆ ನಾನು ಬೇವಿನ ಮರದ ಹತ್ತಿರ ಹೋದೆ. ಬಿಚ್ಚಿದ ಕಟ್ಟನ್ನು ಅವಳ ಮುಂದೆ ಹಿಡಿದೆ.

“ಮ್ಯಾಲ ಆಡಿಂದು. ಒಳಗಿಂದು?”

ಅವಳು ಹಲ್ಲಿನ ಸೆರಗು ಬಿಟ್ಟಳು.

“ಸಾವ್ಕಾರ ಏನು ಕೊಡ್ತಾನೋ ಅದನ್ನ ಕಟ್ತೀನಿರಿ. ಎಲ್ಲಿಂದ ತರ್ತಾನೋ ನನಗ ಗೊತ್ತಿಲ್ಲ, ಖುದಾ ಕಸಂ. ಮ್ಯಾಲ ಆಡಿಂದು ಸುತ್ತು ಅಂದ. ಸುತ್ತಿನಿ. ಯಾದಗಿರಿಗೆ ನೀನೇ ತಗೊಂಡು ಬಾ, ಹೆಣ್ಮಕ್ಕಳ ಚೀಲ ಯಾರೂ ನೋಡಂಗಿಲ್ಲ ಅಂದ. ತಂದಿನಿ.”

“ಮುಂಗಲಿದಂತ ಗೊತ್ತಿತ್ತೇನು?”

“ಕೈಗೆ ಗೊತ್ತಾಗಂಗಿಲ್ಲೇನ್ರಿ?”

ಮೊದಲು ಸುಳ್ಳು ಹೇಳಿದವಳು ಈಗ ನಿಜ ಹೇಳಿದಳೆಂದು ನನಗೆ ಅವಳ ಮೇಲೆ ವಿಶೇಷ ಮಮತೆಯೇನೂ ಹುಟ್ಟಲಿಲ್ಲ. ಗೊತ್ತಿದ್ದೂ ಕಟ್ಟಿದ್ದಳು. ಆದರೆ ಅವಳನ್ನು ಜೀಪು ಹತ್ತಿಸುತ್ತಿದ್ದಾಗ ರೇಂಜ್ ಆಫೀಸರು ಫೋನಿನಲ್ಲಿ ಸಾಹುಕಾರನಿಗೆ, “ನಿಮ್ಮ ಹೆಸರೇನೂ ಬರಂಗಿಲ್ರಿ, ಆರಾಮಿರ್ರಿ,” ಅನ್ನುತ್ತಿದ್ದದ್ದು ನನಗೂ ಕೇಳಿಸಿತು, ಅವಳಿಗೂ ಕೇಳಿಸಿತು.

ಮುಂಗುಸಿ ಮರುದಿನ ಸಿಕ್ಕಿತು. ಭೀಮರಾಯನಗುಡಿಯ ಹತ್ತಿರ ಕಾಲುವೆ ರಸ್ತೆಯಲ್ಲಿ ಒಂದು ಲಾರಿ ಅದರ ಮೇಲೆ ಹಾದುಹೋಗಿತ್ತು. ಗಾರ್ಡ್ ಸುದ್ದಿ ತಂದ. ಅವನೂ ನಾನೂ ಹೋಗಿ ಪಂಚರ ಎದುರಿಗೆ ಅದರ ಬೆನ್ನಿನ, ಬಾಲದ ಕೂದಲು ತೆಗೆದು ಬೇರೆ ಬೇರೆ ಕವರಿನಲ್ಲಿ ಸೀಲ್ ಮಾಡಿದೆವು. ತೊಳೆದು, ಅಚ್ಚು ತೆಗೆದು, ಚೀಲದ ಕೂದಲಿನ ಪಕ್ಕದಲ್ಲಿಟ್ಟು ನೋಡಿದೆ. ಪಟ್ಟೆ, ಪದರು, ಕೂದಲಿನೊಳಗಿನ ತಿರುಳಿನ ನಮೂನೆ, ಮೂರೂ ಕೂಡಿ ಬಂದವು.

ಈಗ ಬರೆಯದೆ ಉಳಿಯಲು ಯಾವ ಕಾರಣವೂ ಇರಲಿಲ್ಲ. ಆದರೂ ನಾನು ಬರೆದದ್ದು, “ಈ ಹಂತದಲ್ಲಿ ಖಚಿತ ಅಭಿಪ್ರಾಯ ನೀಡಲು ಬರುವುದಿಲ್ಲ, ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳಿಸುವುದು ಸೂಕ್ತ” ಎಂದು. ಸರ್ಕಾರಿ ಕೆಲಸದಲ್ಲಿ ಇಂಥ ವಾಕ್ಯಗಳು ತಾವಾಗಿಯೇ ಬೆರಳಿನಿಂದ ಇಳಿಯುತ್ತವೆ. ಪ್ರಯೋಗಾಲಯದ ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟರೊಳಗೆ ಅವಳಿಗೆ ಜಾಮೀನು ಸಿಗುತ್ತದೆ, ಅವಳೊಬ್ಬಳೇ ಸಿಕ್ಕಿಬಿದ್ದ ಪಾಪ ನನ್ನ ಕೈಯಿಂದ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಾಗದ ಮೇಜಿನ ಮೇಲಿತ್ತು. ಸಹಿಯೊಂದು ಬಾಕಿ.

ಅದನ್ನು ಒಯ್ಯಲು ರೇಂಜ್ ಆಫೀಸರು, ಗಾರ್ಡ್ ಬಂದು ಕೂತಿದ್ದರು. ಅದೇ ಹೊತ್ತಿಗೆ ಒಂದು ಬಿಳಿ ಕಾರು ಬಂದು ನಿಂತಿತು. ಅದರಿಂದ ಸಾಹುಕಾರ ಇಳಿದ. ಅವನ ಹಿಂದೆ, ಬಾಗಿಲನ್ನು ಬೇರೆಯವರು ತೆರೆಯಲೆಂದು ಒಂದು ಕ್ಷಣ ಕಾದು, ಯಾರೂ ತೆರೆಯದಿದ್ದಾಗ ತಾನೇ ತೆರೆದುಕೊಂಡು, ಚಿತ್ರಕಾರ ಇಳಿದ.

ಈ ಚಿತ್ರಕಾರನನ್ನು ನಮ್ಮ ಜಿಲ್ಲೆಯಲ್ಲಿ ನೋಡದವರಿಲ್ಲ. ಸುರಪುರದ ಹಳೆಯ ಚಿತ್ರಕಲೆಯನ್ನು, ಆ ಸಣ್ಣ ಅಳತೆಯ, ಚಿನ್ನದ ರೇಕು ಹಚ್ಚಿದ ಚಿತ್ರಗಳನ್ನು, ತಾನೊಬ್ಬನೇ ಬದುಕಿಸಿದ್ದೇನೆಂದು ಹೇಳಿಕೊಂಡು ತಿರುಗುವವನು. ರೇಶಿಮೆ ಜುಬ್ಬಾ, ಹೆಗಲ ಮೇಲೆ ಯಾವುದೋ ಸನ್ಮಾನದ ಶಾಲು. ಸಾಮಾನ್ಯ ಮಾತನ್ನೂ ವೇದಿಕೆಯ ಮೇಲಿಂದ ಆಡುತ್ತಾನೆ. ಸಾಹುಕಾರ ಅವನನ್ನು ಯಾಕೆ ಕರೆತಂದಿದ್ದನೆಂಬುದು ಸ್ಪಷ್ಟವಿತ್ತು: ದೊಡ್ಡ ಮನುಷ್ಯ ಬಂದು ಎರಡು ಮಾತು ಹೇಳಿದರೆ ದನದ ಡಾಕ್ಟರ್ ಮೆತ್ತಗಾಗುತ್ತಾಳೆ.

“ಮೇಡಂ, ಇವರು ಗುರುಗಳು. ನಮ್ಮ ಅಂಗಡಿ ಬಗ್ಗೆ ಇವರಿಗೆ ಎಲ್ಲಾ ಗೊತ್ತದ,” ಅಂದ ಸಾಹುಕಾರ. “ನಮ್ಮಲ್ಲಿ ಬರೇ ಆಡಿಂದು, ಇಲ್ಲಾ ನೈಲಾನ್. ಮುಂಗಲಿ ಅನ್ನೋದು ನಮ್ಮ ಅಂಗಡಿ ಮೆಟ್ಟಲಾನೂ ಹತ್ತಿಲ್ಲ.”

ಚಿತ್ರಕಾರ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದ. ಭಾಷಣ ತನ್ನದೆಂದು ಅವನಿಗೆ ಮೊದಲೇ ಖಾತ್ರಿಯಾಗಿತ್ತು.

“ಮೇಡಂ, ತಾವು ವಿಜ್ಞಾನದವರು. ಕಲೆಯ ನೋವು ತಮಗೆ ತಿಳಿಯಲಿಕ್ಕಿಲ್ಲ. ಕುಂಚವೆಂದರೆ ಕಲಾವಿದನ ಆರನೆಯ ಬೆರಳು. ಪರಂಪರೆಯ ರೇಖೆ ಮೂಡಬೇಕಾದರೆ ಪರಂಪರೆಯ ಕುಂಚವೇ ಆಗಬೇಕು. ಕಾನೂನು ಮಾಡುವವರಿಗೆ ರೇಖೆ ಎಂದರೇನೆಂದು ಗೊತ್ತೇ?”

ಸಾಹುಕಾರ ಗಂಟಲು ಸರಿಪಡಿಸಿಕೊಂಡ. ಚಿತ್ರಕಾರ ಅದನ್ನು ಮೆಚ್ಚುಗೆ ಎಂದುಕೊಂಡಿರಬೇಕು. ಜುಬ್ಬಾದ ಜೇಬಿನಿಂದ ಒಂದು ಉದ್ದನೆಯ ಕುಂಚ ತೆಗೆದ. ಹಿಡಿಕೆಯ ಮೇಲೆ ಹೊನ್ನಿನ ಬಣ್ಣದಲ್ಲಿ ಸಾಹುಕಾರನ ಅಂಗಡಿಯ ಹೆಸರಿತ್ತು.

“ನೋಡಿ, ತೋರಿಸುತ್ತೇನೆ.”

ನನ್ನ ಮೇಜಿನ ಮೇಲೆ ಒಂದು ಗಾಜಿನ ಲೋಟದಲ್ಲಿ ನೀರಿತ್ತು. ಬೆಳಗಿನಿಂದ ಸೆಗಣಿ ಪರೀಕ್ಷೆಯ ಗಾಜುಗಳನ್ನು ನಾನು ಅದರಲ್ಲಿ ಜಾಲಿಸಿದ್ದೆ. ಅವನು ಕುಂಚವನ್ನು ಅದರಲ್ಲಿ ಅದ್ದಿ, ಎತ್ತಿ, ತುದಿಯನ್ನು ತುಟಿಗಳ ನಡುವೆ ಇಟ್ಟು ಎಳೆದು ಮೊನೆ ಮಾಡಿದ. ಕಂಪೌಂಡರ ಬಾಯಿ ತೆರೆದ. ನಾನು ಅವನ ಕಡೆ ನೋಡಿದೆ. ಅವನು ಬಾಯಿ ಮುಚ್ಚಿದ.

“ಈಗ ನೋಡಿ.” ಚಿತ್ರಕಾರ ಕುಂಚವನ್ನು ತನ್ನ ಉಗುರಿಗೆ ಒತ್ತಿ ಬಿಟ್ಟ. ಕೂದಲು ಪುಟಿದು ಸೂಜಿಯಾಯಿತು. “ಇದು ಮುಂಗುಸಿ. ಅಸಲಿ. ಇದಕ್ಕೆ ಬದಲಿ ಈ ಭೂಮಿಯ ಮೇಲೆ ಇಲ್ಲ.”

ಸಾಹುಕಾರ ಒಂದು ಹೆಜ್ಜೆ ಮುಂದೆ ಬಂದ.

“ಅಲ್ರಿ ಗುರುಗಳ, ಅದು... ಅದೂ ಆಡಿಂದಾ ಅದರಿ.”

ಚಿತ್ರಕಾರ ತಿರುಗಿದ. ಶಾಲು ಜಾರಿತು, ಅದರ ಜೊತೆಗೆ ವೇದಿಕೆಯೂ ಜಾರಿತು.

“ಏನಂದಿ? ಆಡಿಂದಾ? ಇಷ್ಟು ವರ್ಷ ಆಡಿನ ಕೂದಲ ಕೊಟ್ಟು ಮುಂಗಲಿದಂತ ನನಗ ಮೋಸ ಮಾಡಿದೇನು?”

“ಹಂಗಲ್ರಿ...”

“ಮತ್ತ ಹೆಂಗ? ನಾ ಏನು ಸಾಲಿ ಹುಡುಗಾನೇನು? ಊರೆಲ್ಲಾ ಮಂದಿಗೆ ನಿನ್ನ ಅಂಗಡಿ ಹೆಸರು ಹೇಳೀನಿ ನಾ!”

ಸಾಹುಕಾರ ಕೆಂಪಾದ. ಅವನನ್ನು ಕಾನೂನು ಮುರಿದವನೆಂದಿದ್ದರೆ ನಕ್ಕುಬಿಡುತ್ತಿದ್ದನೋ ಏನೋ. ಗಿರಾಕಿಯ ಬಾಯಿಂದ ನಾಲ್ಕು ಜನರ ಎದುರಿಗೆ ಮೋಸಗಾರ ಅನ್ನಿಸಿಕೊಳ್ಳುವುದು ಮಾತ್ರ ಅವನಿಂದ ತಡೆಯಲಾಗಲಿಲ್ಲ.

“ಮೋಸ ಮಾಡೋ ಮನಷ್ಯಾ ಅಲ್ಲರಿ ನಾ! ನಿಮಗ ಕೊಟ್ಟಿದ್ದು ಒಂದೊಂದೂ ಖರೇ ಮುಂಗಲಿ ಅದ. ಬೇಕಾದ್ರ ಯಾರ ಕಡಿ ತೋರಸ್ತೀರಿ ತೋರಸ್ರಿ!”

ಹೇಳಿದ ಮೇಲೆ ಅವನಿಗೆ ತಾನು ಎಲ್ಲಿ ನಿಂತಿದ್ದೇನೆಂದು ನೆನಪಾಯಿತು.

ನಾನು ರೇಂಜ್ ಆಫೀಸರ ಕಡೆ ತಿರುಗಿದೆ. ಅವರು ತಲೆಯೆತ್ತಿ ಮಾಳಿಗೆಯ ಫ್ಯಾನನ್ನು ಭಕ್ತಿಯಿಂದ ನೋಡುತ್ತಿದ್ದರು.

“ಸಾಹೇಬ್ರ, ಕೇಳಿದ್ರಿಲ್ಲೊ?”

“ಏನ್ರಿ? ಫ್ಯಾನ್ ಸಪ್ಪಳದಾಗ ಬರಾಬರಿ ಕೇಳಸಲಿಲ್ಲ.”

“ಕರೆಂಟ್ ಹೋಗಿ ಭಾಳ ಹೊತ್ತಾಗ್ಯದರಿ.”

ಗಾರ್ಡ್ ನಗದಿರಲು ಬೂಟಿನ ದಾರ ಕಟ್ಟಲು ಬಾಗಿದ. ಆ ಕ್ಷಣದಲ್ಲಿ ನನಗೆ ಈ ಮೂವರ ಮೇಲೂ ಎಷ್ಟು ಜಿಗುಪ್ಸೆ ಹುಟ್ಟಿತೆಂದರೆ, ಮೇಜಿನ ಮೇಲಿದ್ದ ನನ್ನ ಕಾಗದ ಕಣ್ಣಿಗೆ ಬಿದ್ದಾಗ ಅದು ಅವರದೇ ಕೈಬರಹದಂತೆ ಕಂಡಿತು. ಖಚಿತ ಅಭಿಪ್ರಾಯ ನೀಡಲು ಬರುವುದಿಲ್ಲ. ಯಾಕೆ ಬರುವುದಿಲ್ಲ? ನನಗೆ ಖಚಿತವಾಗಿತ್ತು. ಅದನ್ನು ಹರಿದು ಬುಟ್ಟಿಗೆ ಹಾಕಿದೆ.

“ಗುರುಗಳ, ಆ ಕುಂಚ ಇಲ್ಲಿ ಇಡ್ರಿ. ಚೀಲದಾಗಿನ ಕೂದಲದ ಜೊತಿ ಹೋಲಿಸಿ ನೋಡ್ತೀನಿ.”

“ನನ್ನ ಕುಂಚವನ್ನೇ?” ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. “ಅವಶ್ಯ ನೋಡಿ. ಅಸಲಿ ಎಂದು ಬರೆದು ಕೊಡಿ. ಇವನ ಮುಖಕ್ಕೆ ಹಿಡಿಯುತ್ತೇನೆ.”

ಗಾರ್ಡ್ ಪಂಚನಾಮೆಗೆ ಕುಳಿತ. ರೇಂಜ್ ಆಫೀಸರು ಅವನ ಹೆಗಲು ಹಿಡಿದು, “ತಡಿಯೋ, ಮ್ಯಾಲ ಕೇಳಬೇಕು,” ಅಂದರು.

“ಕೇಳ್ರಿ,” ಅಂದೆ. “ನಾನೂ ಬರೀತೀನಿ. ಈ ಕುಂಚ ಯಾರು ಕೊಟ್ರು, ಯಾರ ಅಂಗಡಿದಂದ್ರು, ಸಾವ್ಕಾರ ಏನಂದ್ರು, ಅವಾಗ ಇಲ್ಲಿ ಯಾರ್ಯಾರು ಕುಂತಿದ್ರು, ಎಲ್ಲಾ ಬರೀತೀನಿ. ನೀವು ಕುಂತಿದ್ದು ಬಿಡಂಗಿಲ್ಲ.”

ತಮ್ಮ ಹೆಸರು ಕಾಗದದ ಮೇಲೆ ಬರುತ್ತದೆಂದಾಗ ಅವರ ಕಿವಿ ಸ್ವಚ್ಛವಾಗಿ ಕೇಳತೊಡಗಿತು. ಹೆಗಲ ಮೇಲಿನ ಕೈ ತೆಗೆದರು. ಕುಂಚ ಸೀಲಾಯಿತು. ಆಗ ಚಿತ್ರಕಾರನಿಗೆ ಅರ್ಥವಾಯಿತು. ಅವನಿಗೆ ಕೂಡಲೇ ಎದೆಯಲ್ಲಿ ಏನೋ ಆಗತೊಡಗಿತು. ಇದು ದನದ ದವಾಖಾನೆ, ಮನುಷ್ಯರದು ರಸ್ತೆಯ ಆಚೆಗಿದೆ ಎಂದು ಕಂಪೌಂಡರ ಬಹಳ ವಿನಯದಿಂದ ದಾರಿ ತೋರಿಸಿದ.

ಸಾಹುಕಾರ ಅಂಗಡಿಗೆ ಮಾಡುವ ಬದಲು ಮೇಲಿನವರಿಗೇ ಫೋನು ಹಚ್ಚುತ್ತಿರುವಷ್ಟರಲ್ಲಿ ನಾನು ಗಾರ್ಡನ್ನು ಯಾದಗಿರಿಗೆ ಹೊರಡಿಸಿದ್ದೆ. ಅವನು ಸಿಕ್ಕ ಬಸ್ಸು ಹತ್ತಿ ಹೋಗಿ ಅಂಗಡಿಯ ಮುಂದೆ ಸುಮ್ಮನೆ ನಿಂತ. ಸಾಹೇಬರ ಜೀಪು ಹುಡುಕಾಟದ ಅಪ್ಪಣೆ ಹಿಡಿದು ಅಲ್ಲಿಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಆದರೆ ಯೂನಿಫಾರ್ಮ್ ಹಾಕಿದವನೊಬ್ಬ ಬಾಗಿಲಲ್ಲಿ ನಿಂತಿದ್ದರಿಂದ ಒಳಗಿನಿಂದ ಒಂದು ಡಬ್ಬಿಯೂ ಹೊರಗೆ ಹೋಗಿರಲಿಲ್ಲ. ನೈಲಾನ್ ಎಂದು ಚೀಟಿ ಅಂಟಿಸಿದ ಪೆಟ್ಟಿಗೆಗಳಲ್ಲಿ ಪಟ್ಟೆ ಕೂದಲಿನ ಕುಂಚಗಳು ಸಿಕ್ಕವು. ಕೆಲವನ್ನು ನಾನು ಪರೀಕ್ಷಿಸಿದೆ. ಚೀಲದ ಕೂದಲು, ಚಿತ್ರಕಾರನ ಕುಂಚ, ಅಂಗಡಿಯ ಕುಂಚ, ಭೀಮರಾಯನಗುಡಿಯ ಮುಂಗುಸಿ: ಎಲ್ಲ ಒಂದೇ. ಹಾಗೆಯೇ ಬರೆದು ಸಹಿ ಹಾಕಿದೆ. ಹೈದರಾಬಾದಿನಿಂದಲೂ ಆಮೇಲೆ ಅದೇ ಉತ್ತರ ಬಂತು.

ಇದರಿಂದ ನ್ಯಾಯ ಗೆದ್ದಿತೆಂದು ಯಾರಾದರೂ ತಿಳಿದುಕೊಂಡರೆ ಅವರಿಗೆ ನಮ್ಮ ಕಡೆಯ ಪರಿಚಯ ಸಾಲದು. ಸಾಹುಕಾರನ ಬಂಧನವಾಯಿತು, ಆ ಹೆಣ್ಣುಮಗಳಿಗಿಂತ ಮೊದಲು ಅವನು ಜಾಮೀನಿನ ಮೇಲೆ ಹೊರಗೂ ಬಂದ. ಅವಳ ಜಾಮೀನಿಗೆ ಅವಳ ಅಣ್ಣ ಕಲಬುರಗಿಯ ಹೈಕೋರ್ಟಿಗೂ ಸುರಪುರಕ್ಕೂ ಓಡಾಡಿ ಸುಸ್ತಾದ ಮೇಲೆ ಅವಳು ಬಂದಳು. ಕೇಸಿನಲ್ಲಿ ಇಬ್ಬರ ಹೆಸರೂ ಇದೆ, ಇನ್ನೂ ನಡೆಯುತ್ತಿದೆ. ತಾರೀಕಿಗೆ ಹೋಗುತ್ತೇನೆ, ಸಾಹುಕಾರನ ವಕೀಲ ನನ್ನನ್ನು ಕೂದಲಿಗೂ ನೂಲಿಗೂ ವ್ಯತ್ಯಾಸ ಗೊತ್ತಿದೆಯೇ ಎಂದು ಕೇಳುತ್ತಾನೆ, ಗೊತ್ತಿದೆ ಎನ್ನುತ್ತೇನೆ, ಮುಂದಿನ ತಾರೀಕು ಬೀಳುತ್ತದೆ. ರೇಂಜ್ ಆಫೀಸರಿಗೆ ಈ ದಾಳಿಗಾಗಿ ಮೆಚ್ಚುಗೆಯ ಪತ್ರ ಬಂತು.

ಚಿತ್ರಕಾರ ಸಾಕ್ಷಿಯಾದ. ಅವನ ಎದೆನೋವು ಅವನನ್ನು ಆರೋಪಿಯಾಗಲು ಬಿಡಲಿಲ್ಲ. ಆಮೇಲೆ ಯಾದಗಿರಿಯಲ್ಲಿ ಶಾಲಾ ಮಕ್ಕಳ ಕಾರ್ಯಕ್ರಮವೊಂದಕ್ಕೆ ನನ್ನನ್ನೂ ಕರೆದಿದ್ದರು. ಅವನು ವೇದಿಕೆಯ ಮೇಲೆ ನೈಲಾನ್ ಕುಂಚ ಎತ್ತಿ ಹಿಡಿದು, ಮೂಕಪ್ರಾಣಿಗಳ ಮೇಲಿನ ಕರುಣೆಯಿಂದ ತಾನು ಪರಂಪರೆಯ ಕುಂಚವನ್ನು ತ್ಯಾಗ ಮಾಡಿದ್ದೇನೆಂದು ಹೇಳಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಅವನ ಹೆಗಲಿಗೆ ಇನ್ನೊಂದು ಶಾಲು ಬಿತ್ತು. ಅವನು ನನ್ನನ್ನು ಕಂಡು ಕೈ ಮುಗಿದ. ಗುರುತು ಹತ್ತದೆ ಮುಗಿದನೋ, ಗುರುತು ಹತ್ತಿಯೂ ಮುಗಿದನೋ ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳುವಷ್ಟು ಬೆಲೆ ಅವನಿಗೆ ಕೊಡಲೂ ಇಲ್ಲ.

ಆ ಬೇಸಿಗೆ ಆಡು ಕುರಿಗಳಿಗೆ ಚುಚ್ಚುಮದ್ದು ಹಾಕುವ ಕೆಲಸ ನನ್ನನ್ನು ಸುರಪುರದ ಓಣಿಗಳಿಗೆ ಕರೆದೊಯ್ದಿತು. ಒಂದು ಮನೆಯ ಮುಂದೆ ಆಡು ಕಟ್ಟಿದ್ದು ಕಂಡು ಔಷಧದ ಪೆಟ್ಟಿಗೆ ಹಿಡಿದು ಹೋದೆ. ಹೊಸ್ತಿಲಿನ ಒಳಗೆ ನೆರಳಿನಲ್ಲಿ ಅವಳೇ ಕೂತಿದ್ದಳು. ಹೊಸ್ತಿಲಿನ ಹೊರಗೆ, ನಡುಮಧ್ಯಾಹ್ನದ ಬಿಸಿಲಿನಲ್ಲಿ, ಬಾಯಿ ಬಿಚ್ಚಿದ ಒಂದು ಚೀಲ ಹಿಡಿದುಕೊಂಡು ಸಾಹುಕಾರ ನಿಂತಿದ್ದ. ಬೆವರು ಅವನ ಕಾಲರಿನೊಳಗೆ ಇಳಿಯುತ್ತಿತ್ತು.

ನಾನು ಅವನನ್ನು ಬಿಟ್ಟು ಅವಳ ಕಡೆ ನೋಡಿದೆ. “ಮತ್ತ ಇವನ ಕೆಲಸನೇ ಮಾಡಾಕತ್ತೀಯೇನು?”

“ಮತ್ಯಾರ ಕಡಿ ಹೋಗ್ಲಿರಿ?” ಅವಳು ಕೆಲಸದಿಂದ ತಲೆಯೆತ್ತಲಿಲ್ಲ. “ನೀವು ಕುಂಚ ಕಟ್ಟಸ್ತೀರೇನು?”

ಉತ್ತರಕ್ಕೆ ಅವಳು ಕಾಯಲಿಲ್ಲ.

“ಅಷ್ಟಾ ಹೇಳೀನಿ ಇವಗ. ನಾ ಬಸ್ಸಿನಾಗ ಚೀಲ ಒಯ್ಯಂಗಿಲ್ಲ, ನೀನಾ ತರಬೇಕು, ಓಣಿ ಮಂದಿ ಮುಂದ ಬಾಯಿ ಬಿಚ್ಚಬೇಕು, ಒಳಗ ಮುಂಗಲಿ ಇಲ್ಲಂತ ನಾ ಎಲ್ಲಾ ನೋಡೋತನಾ ಹೊರಗ ನಿಂದರಬೇಕು ಅಂತ. ಇಂಥಾ ಮೊನಿ ಕಟ್ಟೋರು ಇವಗ ಬ್ಯಾರೆ ಸಿಗಂಗಿಲ್ಲ. ಅದಕ್ಕ ನಿಂತಾನ.”

ಅವಳು ಒಂದು ಕಟ್ಟು ಎತ್ತಿ, ಬಿಚ್ಚಿ, ಬೆರಳಿನ ನಡುವೆ ಉಜ್ಜಿ ನೋಡಿ ಪಕ್ಕಕ್ಕಿಟ್ಟಳು. ಇನ್ನೊಂದನ್ನು ಅಲ್ಲಿಂದಲೇ ಅವನ ಕಾಲ ಬಳಿ ಒಗೆದಳು. “ಇದು ಆಡಿಂದಲ್ಲ, ಜವಾರಿ ನಾಯಿಂದು ಅದ. ಒಯ್ಯಿ.” ಸಾಹುಕಾರ ಬಾಗಿ ಎತ್ತಿಕೊಂಡ.

ನನಗೆ ಅದನ್ನು ನೋಡಿ ಹಿತವಾಯಿತೆಂದು ಒಪ್ಪಿಕೊಳ್ಳಬೇಕು. ನಗುತ್ತಾ, ಪೆಟ್ಟಿಗೆ ತೆರೆದು, ಹೊಸ್ತಿಲು ದಾಟಲು ಕಾಲೆತ್ತಿದೆ.

“ನೀವೂ ಅಲ್ಲೇ ನಿಂದರ್ರಿ ಡಾಕ್ಟರ್ ಬಾಯಿ,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಇಂವಂದು ಮುಗ್ಯಲಿ.”

ಕಾಲು ಹಿಂದಕ್ಕೆ ತೆಗೆದುಕೊಂಡೆ. ಸಾಹುಕಾರ ಅರ್ಧ ಹೆಜ್ಜೆ ಸರಿದು ನನಗೆ ಜಾಗ ಮಾಡಿಕೊಟ್ಟ. ಅವಳು ಮುಂದಿನ ಕಟ್ಟಿನ ದಾರ ಬಿಚ್ಚತೊಡಗಿದಳು, ಅವಸರವಿಲ್ಲದೆ. ನಾವಿಬ್ಬರೂ ಪಕ್ಕಪಕ್ಕದಲ್ಲಿ ಆ ಬಿಸಿಲಿನಲ್ಲಿ ನಿಂತು ಕಾದೆವು.